ಒಂದು ಪೀಸಿಗೆ ಎಷ್ಟು ಬಿತ್ತು?

ಮೊದಲೇ ಹೇಳ್ಬಿಡ್ತೀನಿ, ನಾನು ಲೆಕ್ಕದ ಮನುಷ್ಯ. ತುಮಕೂರಲ್ಲಿ ಒಂದು ಸಹಕಾರ ಸಂಘದಲ್ಲಿ 11 ವರ್ಷದಿಂದ ಲೆಡ್ಜರ್ ಬರೀತಿದೀನಿ, ಸಂಜೆ ಕ್ಯಾಶ್ ಟ್ಯಾಲಿ ಆಗ್ಲಿಲ್ಲ ಅಂದ್ರೆ 2 ರೂಪಾಯಿಗೋಸ್ಕರ 2 ಗಂಟೆ ಕೂತು ಹುಡುಕೋ ಪೈಕಿ. ಸೊಪ್ಪು ತರೋಕೆ ಹೋದ್ರೂ ಕಟ್ಟಲ್ಲಿ ಎಷ್ಟು ಕಡ್ಡಿ ಇದೆ ಅಂತ ಎಣಿಸ್ತಾರೆ ಅಂತ ನನ್ನ ಹೆಂಡ್ತಿ ನೆಂಟರ ಮುಂದೆಲ್ಲ ಹೇಳ್ಕೊಂಡು ಓಡಾಡ್ತಾಳೆ, ಅದು ಶುದ್ಧ ಸುಳ್ಳು, ಒಂದೇ ಒಂದ್ಸಲ ಎಣಿಸಿದ್ದು, ಅದೂ ಮೆಂತ್ಯ ಸೊಪ್ಪು ಕಟ್ಟಿಗೆ 40 ರೂಪಾಯಿ ಆಗಿದ್ದಾಗ. ಇಂಥವನಿಗೆ 2025ರ ಆಗಸ್ಟಲ್ಲಿ ಮಗ ಹುಟ್ಟಿದ.

ಹೆರಿಗೆ ಆಗಿದ್ದು ಅವಳ ತವರು ತಿಪಟೂರಲ್ಲಿ. ರಾತ್ರಿ ಹತ್ತೂವರೆಗೆ ಸಿಸ್ಟರ್ ಬಂದು ಡೈಪರ್ ತಂದಿಲ್ವಾ ಅಂದ್ರು, ನಾನು ಚಪ್ಪಲಿನೂ ಅದಲು ಬದಲು ಹಾಕ್ಕೊಂಡು ಮೆಡಿಕಲ್ ಸ್ಟೋರಿಗೆ ಓಡಿದೆ. ಅರ್ಧ ಶಟರ್ ಎಳೆದಿದ್ದ ಅಂಗಡಿಯವನು ತಲೆ ಹೊರಗೆ ಹಾಕ್ದ.

"ಡೈಪರ್ ಕೊಡಿ."

"ಪೇಷಂಟು ದಪ್ಪ ಇದಾರಾ ಸಾರ್, ಸಣ್ಣಕ್ಕಾ?"

"ಸಣ್ಣಕ್ಕೇ ಇದಾನೆ."

"ಎದ್ದು ಓಡಾಡ್ತಾರಾ?"

"ಎಲ್ಲಿ ಓಡಾಡೋದು, ಮಲಗಿದ ಕಡೆನೇ ಎಲ್ಲಾ."

"ಅಯ್ಯೋ ಪಾಪ. ಎಷ್ಟು ದಿನದಿಂದ?"

"ಇವತ್ತು ಬೆಳಗ್ಗೆಯಿಂದ."

"ಊಟ ಗೀಟ?"

"ಬರೀ ಹಾಲು."

ಅವನು ನನ್ನ ಕೈ ಹಿಡ್ಕೊಂಡು, ಧೈರ್ಯ ತಗೊಳ್ಳಿ ಸಾರ್, ದೇವರಿದಾನೆ ಅಂದ. ಹೊಸದಾಗಿ ಅಪ್ಪ ಆದವನ ಕಷ್ಟ ಎಷ್ಟು ಚೆನ್ನಾಗಿ ಅರ್ಥ ಮಾಡ್ಕೊಂಡಿದಾನೆ ಅಂತ ನನಗೆ ಕಣ್ಣೇ ತುಂಬಿ ಬಂತು. ವಾರ್ಡಿಗೆ ತಂದು ಕೊಟ್ಟೆ. ಅತ್ತೆ ಪ್ಯಾಕೆಟ್ ಒಡೆದು ಒಂದನ್ನ ಬಿಡಿಸಿದ್ರು, ಬಿಡಿಸಿದ್ರು, ಬಿಡಿಸ್ತಾನೇ ಇದ್ರು, ಕೊನೆಗೆ ಅದು ಸಣ್ಣ ಜಮಖಾನೆ ಅಷ್ಟಾಯ್ತು. "ಅಳಿಯಂದ್ರೇ, ಇದನ್ನ ಮಗೂಗೆ ಕಟ್ಟೋದಾ, ಇದರ ಮೇಲೆ ಮಗೂನ ಮಲಗಿಸೋದಾ?" ಅಂದ್ರು. ಪಕ್ಕದ ಬೆಡ್ಡಿನ ಅಜ್ಜಿಗೆ ಅದು ಉಪಯೋಗಕ್ಕೆ ಬಂತು ಅನ್ನೋದೊಂದೇ ಸಮಾಧಾನ. ದುಡ್ಡು ಇಸ್ಕೊಳ್ಳೋಕೆ ಮನಸ್ಸಾಗ್ಲಿಲ್ಲ, ಆದ್ರೆ ಒಂದು ಪೀಸಿಗೆ ಎಷ್ಟು ಬಿತ್ತು ಅಂತ ಮನಸ್ಸಲ್ಲೇ ಭಾಗಿಸಿ ಇಟ್ಕೊಂಡೆ.

ಮಾರನೇ ದಿನದಿಂದ ನಾನು ಡೈಪರ್ ವಿಷಯದಲ್ಲಿ ಅಧ್ಯಯನಕ್ಕೆ ಇಳಿದೆ. ಇದು ಟೇಪಿಂದು, ಇದು ಚಡ್ಡಿ ತರ ಎಳೆದು ಹಾಕೋದು. ನ್ಯೂಬಾರ್ನ್ ಅಂದ್ರೆ 5 ಕೆಜಿವರೆಗೆ, ಸ್ಮಾಲ್ ಅಂದ್ರೆ 4ರಿಂದ 8, ಮೀಡಿಯಂ 7ರಿಂದ 12. ಹಾಗಾದ್ರೆ ನಾಲ್ಕೂವರೆ ಕೆಜಿ ಮಗು ಯಾವುದಕ್ಕೆ ಸೇರಿದ್ದು ಅಂತ ಅಂಗಡಿಯವನನ್ನ ಕೇಳಿದ್ರೆ, ಯಾವುದು ಸ್ಟಾಕ್ ಇದೆಯೋ ಅದಕ್ಕೆ ಸಾರ್ ಅಂದ. ನನ್ನ ಮಗ 2.9 ಕೆಜಿ, ಅಲ್ಲಿಗೆ ಗೊಂದಲ ಇಲ್ಲ. ದಿನಕ್ಕೆ ಎಷ್ಟು ಬೇಕಾಗ್ಬಹುದು ಅಂತ ಸಿಸ್ಟರ್‌ನ ಕೇಳಿದೆ, ಮೊದಮೊದಲು 10 ಅಂತ ಇಟ್ಕೊಳ್ಳಿ ಅಂದ್ರು. 10 ಇಂಟು 30, 300. ಹತ್ತರ ಪ್ಯಾಕು 170 ರೂಪಾಯಿ, ಅಂದ್ರೆ ಪೀಸಿಗೆ 17, ತಿಂಗಳಿಗೆ 5,100! ನನ್ನ ಗಾಡಿ ಕಂತಿಗಿಂತ ಜಾಸ್ತಿ, ಅದೂ ಉಚ್ಚೆಗೆ. ಎಂಬತ್ತರ ದೊಡ್ಡ ಪ್ಯಾಕು 1,120, ಪೀಸಿಗೆ 14 ಬೀಳುತ್ತೆ. ಮೂರು ಮೂರು ರೂಪಾಯಿ ಉಳಿತಾಯ ಬಿಡೋಕಾಗುತ್ತಾ? ಆಗಸ್ಟ್ 30, ಶನಿವಾರ, ತುಮಕೂರಲ್ಲಿ ಎರಡು ದೊಡ್ಡ ಪ್ಯಾಕು ತಗೊಂಡು, ಗುಬ್ಬಿ, ನಿಟ್ಟೂರು, ಕೆ.ಬಿ. ಕ್ರಾಸ್ ಅಂತ ಬಸ್ಸಲ್ಲಿ ಉದ್ದಕ್ಕೂ ತೊಡೆ ಮೇಲೆ ಇಟ್ಕೊಂಡು ತಿಪಟೂರಿಗೆ ಬಂದೆ. ಬಂದವನೇ ಎರಡೂ ಪ್ಯಾಕು ಒಡೆದು ಎಣಿಸಿದೆ. 80 ಅಂದ್ರೆ 80 ಇದೆಯೋ ಇಲ್ವೋ ಅಂತ ನೋಡ್ಬೇಕಲ್ವಾ. ಸರಿಯಾಗಿತ್ತು. ಈ ಎಣಿಸಿದ್ದು ಮುಂದೆ ಎಷ್ಟು ಕೈಕೊಡ್ತು ಅನ್ನೋದನ್ನ ಆಮೇಲೆ ಹೇಳ್ತೀನಿ.

ಅದಾಗಿ ಐದೇ ದಿನಕ್ಕೆ, ಸೆಪ್ಟೆಂಬರ್ 4ರ ಬೆಳಗ್ಗೆ ಮಾವ ಫೋನ್ ಮಾಡಿದ್ರು. ನಮ್ಮ ಮಾವ ಪೇಪರ್‌ನ ಮಾಸ್ಟ್‌ಹೆಡ್‌ನಿಂದ ಹಿಡಿದು ಮುದ್ರಕರ ಹೆಸರಿನವರೆಗೂ ಓದೋ ಆಸಾಮಿ. "ಅಳಿಯಂದ್ರೇ, ಜಿಎಸ್‌ಟಿ ಇಳಿಸವ್ರಂತೆ, ನೋಡಿದ್ರಾ? ಮಕ್ಕಳ ಡೈಪರ್ ಮೇಲೆ 12 ಇದ್ದಿದ್ದು 5 ಅಂತೆ. 22ನೇ ತಾರೀಖಿಂದ." ನಾನು ಆಫೀಸಲ್ಲಿ ಕೂತಲ್ಲೇ ಲೆಕ್ಕ ಹಾಕ್ದೆ. 1,120ರಲ್ಲಿ ಮೂಲ ಬೆಲೆ 1,000, ತೆರಿಗೆ 120. ಇನ್ಮೇಲೆ ತೆರಿಗೆ 50. ಪ್ಯಾಕಿಗೆ 70ರ ಹಾಗೆ ಎರಡಕ್ಕೆ 140. ಅವತ್ತು ಮಧ್ಯಾಹ್ನ ಮುದ್ದೆ ಗಂಟಲಲ್ಲಿ ಇಳೀಲಿಲ್ಲ. ದೇಶದ ತೆರಿಗೆ ಪದ್ಧತಿಯಲ್ಲಿ ಅಷ್ಟು ದೊಡ್ಡ ಬದಲಾವಣೆ ಆಗೋಕೆ ಸರಿಯಾಗಿ ಮುಂಚೆ ನಾನು ದಾಸ್ತಾನು ಮಾಡ್ಬೇಕಿತ್ತಾ.

ಸರಿ, ಇರೋದನ್ನಾದ್ರೂ ಬಳಸಲಿ ಅಂದ್ರೆ ಅತ್ತೆ ಬಳಸ್ತಾನೇ ಇಲ್ಲ. ಬಾಣಂತನದ ಕೋಣೆ ಅತ್ತೆಯ ರಾಜ್ಯ, ಅಲ್ಲಿ ನನ್ನದೇನೂ ನಡೆಯಲ್ಲ. ಮಾವನ ಹಳೇ ಪಂಚೆಗಳನ್ನ ಚೌಕ ಚೌಕ ಹರಿದು, ಒಗೆದು ಒಗೆದು ಬೆಣ್ಣೆ ತರ ಮೆತ್ತಗೆ ಮಾಡಿ ಪೆಟ್ಟಿಗೆಯಲ್ಲಿ ಇಟ್ಟಿದಾರೆ. ಅದನ್ನ ಮೂರು ಮೂಲೆ ಮಡಚಿ ಸೊಂಟಕ್ಕೊಂದು ಗಂಟು ಹಾಕಿದ್ರೆ ಮುಗೀತು. ಒದ್ದೆ ಆಯ್ತಾ, ತೆಗಿ, ಇನ್ನೊಂದು ಕಟ್ಟು. ಒದ್ದೆ ಬಟ್ಟೆಗಳು ಬಿಸಿನೀರಲ್ಲಿ ಮುಳುಗಿ, ಹಿಂಡಿಸ್ಕೊಂಡು ಹಿತ್ತಿಲ ತಂತಿ ಮೇಲೆ ಬಿಸಿಲು ಕಾಯ್ತವೆ. ಇದರ ಬೆಲೆ ಪೀಸಿಗೆ ಎಷ್ಟು ಅಂತ ಕೇಳಿದೆ. ಸೊನ್ನೆ ಅಂದ್ರು. ಸೋಪು, ಸೌದೆ, ಮಾಡೋರ ಕೂಲಿ ಸೇರಿಸಿದ್ರೆ ಅಂತ ನಾನು ಶುರು ಮಾಡ್ದೆ, ಮಾವ ಹಿಂದಿನಿಂದ ನನ್ನ ಅಂಗಿ ಎಳೆದು, ಕೂಲಿ ಮಾತು ಎತ್ತಬೇಡಿ, 35 ವರ್ಷದ ಬಾಕಿ ನನ್ನ ತಲೆ ಮೇಲೆ ಬರುತ್ತೆ ಅಂತ ಪಿಸುಗುಟ್ಟಿದ್ರು. ಕೊನೆಗೆ ಒಪ್ಪಂದ ಆಗಿದ್ದು ಹೀಗೆ. ಹಗಲು ಬಟ್ಟೆ, ರಾತ್ರಿ ಡೈಪರ್, ಆಸ್ಪತ್ರೆಗೆ ಹೋಗೋವಾಗ ಡೈಪರ್. ದಿನಕ್ಕೆ ಹೆಚ್ಚು ಅಂದ್ರೆ ಎರಡು ಖರ್ಚು. ಅಂದ್ರೆ ನಾನು ತಂದಿರೋದು 80 ದಿನದ ಮಾಲು.

ಆದ್ರೆ ಮಗು 80 ದಿನ ಕಾಯಲ್ಲ. ಒಂದೂವರೆ ತಿಂಗಳ ಇಂಜೆಕ್ಷನ್‌ಗೆ ಹೋದಾಗ ತೂಕ ಹಾಕಿದ್ರು, 4.9. ಎಲ್ಲರಿಗೂ ಖುಷಿ. ಡಾಕ್ಟ್ರು ಭೇಷ್ ಅಂದ್ರು, ಅತ್ತೆ ದೃಷ್ಟಿ ಆಗುತ್ತೆ ಅಂತ ಕೆನ್ನೆಗೆ ಇನ್ನೊಂದು ಬೊಟ್ಟು ಇಟ್ರು, ನಾನು ಮಾತ್ರ ತಕ್ಕಡಿ ಮುಳ್ಳನ್ನೇ ನೋಡ್ತಾ ನಿಂತಿದ್ದೆ. ಇನ್ನು 100 ಗ್ರಾಂ. ಹೆಚ್ಚು ಅಂದ್ರೆ ನಾಲ್ಕು ದಿನ. ಹೆತ್ತ ಮಗ ಸ್ವಲ್ಪ ನಿಧಾನಕ್ಕೆ ಬೆಳೀಲಿ ಅಂತ ಅಂದ್ಕೊಂಡ ಅಪ್ಪ ಭೂಮಿ ಮೇಲೆ ನಾನೊಬ್ಬನೇ ಇರ್ಬೇಕು. ತೊಡೆ ಹತ್ರ ಇಲಾಸ್ಟಿಕ್ ಕೆಂಪಗೆ ಗೆರೆ ಬೀಳಿಸೋಕೆ ಶುರುವಾದ ಮೇಲೆ ನಾನೂ ಬಾಯಿ ಮುಚ್ಕೊಂಡೆ. ಒಂದು ಪ್ಯಾಕು ಖಾಲಿ ಆಗಿತ್ತು, ಇನ್ನೊಂದು ಪೂರ್ತಿ 80 ಹಾಗೇ ಇತ್ತು. ತಗೊಂಡು ಹೋಗಿ ಸೈಜು ಬದಲಾಯಿಸಿ ಕೊಡಿ ಅಂದೆ. ಅಂಗಡಿಯವನು ಪ್ಯಾಕು ತಿರುಗಿಸಿ ನೋಡಿ, ಸೀಲ್ ಒಡೆದಿದೆಯಲ್ಲ ಸಾರ್, ಯಾಕೆ ಒಡೆದ್ರಿ ಅಂದ. ಎಣಿಸೋಕೆ ಅಂತ ಹೇಳೋಕೆ ಆಗುತ್ತಾ?

ಈಗ ಸ್ಮಾಲ್ ಸೈಜು ಕೊಳ್ಳಬೇಕು. ಸ್ಮಾಲ್‌ಗೆ ಪೀಸಿನ ಬೆಲೆ ನ್ಯೂಬಾರ್ನ್‌ಗಿಂತ ಜಾಸ್ತಿ, ಮಗು ಬೆಳೆದ ಹಾಗೆ ರೇಟೂ ಬೆಳೆಯುತ್ತೆ. ಆಗ ನನ್ನ ಕಣ್ಣಿಗೆ ಬಿದ್ದಿದ್ದು ಲೂಸ್ ಡೈಪರು. ಪಾರದರ್ಶಕ ಕವರಲ್ಲಿ 50 ಪೀಸು, ಮೇಲೆ ಕಂಪನಿ ಹೆಸರಿಲ್ಲ, ಮಗುವಿನ ಫೋಟೋ ಇಲ್ಲ, 300 ರೂಪಾಯಿ. ಪೀಸಿಗೆ 6! ದೊಡ್ಡ ಕಂಪನಿದೇ ಸಾರ್, ಪ್ಯಾಕಿಂಗ್ ಮಾತ್ರ ಬೇರೆ ಅಂದ ಮಾರೋನು. ಲೆಡ್ಜರ್ ಬರೆಯೋನು ಇದನ್ನ ನಂಬಬಾರದಿತ್ತು, ಆದ್ರೆ 6 ಅನ್ನೋ ಅಂಕಿ ಎದುರಿಗಿದ್ದಾಗ ಬುದ್ಧಿ ಕೆಲಸ ಮಾಡಲ್ಲ.

ಆ ಶನಿವಾರ ರಾತ್ರಿ ಅತ್ತೆಗೆ ರೆಸ್ಟ್ ಕೊಟ್ಟು ನಾನೇ ಮಗೂನ ನೋಡ್ಕೊಳ್ತೀನಿ ಅಂದೆ. ಡೈಪರ್ ಕಟ್ಟೋದು ಅಷ್ಟು ಹೊತ್ತಿಗೆ ನನಗೆ ಕರಗತ ಆಗಿತ್ತು ಅಂತ ನಾನು ತಿಳ್ಕೊಂಡಿದ್ದೆ. ಟೇಪ್ ಇರೋ ಕಡೆ ಬೆನ್ನ ಹಿಂದೆ ಬರ್ಬೇಕು, ಮೊದಲ ವಾರ ನಾನು ಉಲ್ಟಾ ಹಾಕಿ ಟೇಪ್‌ಗಳನ್ನ ಬೆನ್ನಿಗೆ ಅಂಟಿಸಿದ್ದೆ. ತೊಡೆ ಸಂದಿಯಲ್ಲಿ ಲಂಗದ ನೆರಿಗೆ ತರ ಒಂದು ಅಂಚು ಇರುತ್ತಲ್ಲ, ಅದು ಒಳಗೆ ಮಡಚ್ಕೊಂಡಿದ್ರೆ ಕಾಲಿಂದ ಸೋರುತ್ತೆ, ಬೆರಳು ಹಾಕಿ ಸುತ್ತಲೂ ಹೊರಗೆ ಎಳೀಬೇಕು. ಇನ್ನು ಗಂಡು ಮಗು ಆದ್ರೆ ನಲ್ಲಿ ಮುಖ ಕೆಳಗಿರೋ ಹಾಗೆ ನೋಡ್ಕೊಂಡು ಮುಚ್ಚಬೇಕು, ಮೇಲಕ್ಕಿದ್ರೆ ಡೈಪರ್ ಎಷ್ಟೇ ದುಬಾರಿ ಆಗಿರ್ಲಿ ಹೊಟ್ಟೆ ಮೇಲಿಂದ ಅಂಗಿ ಕಾಲರ್‌ವರೆಗೂ ಒದ್ದೆ. ಇದನ್ನ ಯಾವ ಪ್ಯಾಕಿನ ಮೇಲೂ ನಾನು ನೋಡಿಲ್ಲ, ಅತ್ತೆ ಹೇಳಿಕೊಟ್ಟಿದ್ದು, ಅವರು ಹೇಳಿದ ರೀತಿ ಇಲ್ಲಿ ಬರೆಯೋ ಹಾಗಿಲ್ಲ.

ಇಷ್ಟೆಲ್ಲ ಶಾಸ್ತ್ರೋಕ್ತವಾಗಿ ಕಟ್ಟಿ ಮಲಗಿಸಿದೆ. ಹನ್ನೊಂದೂವರೆಗೆ ಸೋರ್ತು. ಬದಲಾಯಿಸಿದೆ. ಒಂದೂಕಾಲಿಗೆ ಸೋರ್ತು, ಈ ಸಲ ಹಾಸಿಗೆ ಬಟ್ಟೆ ಸಮೇತ. ಎರಡೂ ಮುಕ್ಕಾಲಿಗೆ ನನ್ನ ಬನಿಯನ್ನಿಗೂ ಬಂತು. ಬಿಚ್ಚಿ ಬೆಳಕಿಗೆ ಹಿಡಿದು ನೋಡಿದ್ರೆ ಒಳಗಿನ ಹತ್ತಿಯೆಲ್ಲ ಒಂದೇ ಕಡೆ ಉಂಡೆ ಕಟ್ಕೊಂಡು ಮುಂದುಗಡೆ ಬರೀ ಪ್ಲಾಸ್ಟಿಕ್ಕು. ನಾಲ್ಕು ಗಂಟೆಗೆ ಮಗ ಮತ್ತೆ ಎದ್ದ, ಅಷ್ಟೊತ್ತಿಗೆ ನಾನು ಮಲಗೇ ಇರ್ಲಿಲ್ಲ. ಅದೇ ರಾತ್ರಿ ಮಗೂನ ತೊಡೆ ಮೇಲೆ ಹಾಕ್ಕೊಂಡು ಫೋನಲ್ಲಿ ಓದ್ತಾ ಇದ್ದೆ, ಅಮೆರಿಕದಲ್ಲಿ ಮೇರಿಯನ್ ಡೊನೊವನ್ ಅನ್ನೋ ತಾಯಿ 1940ರ ದಶಕದಲ್ಲಿ, ರಾತ್ರಿಯಿಡೀ ಹಾಸಿಗೆ ಬದಲಾಯಿಸಿ ಬೇಜಾರಾಗಿ, ಬಚ್ಚಲುಮನೆ ಪರದೆ ಕತ್ತರಿಸಿ ಮಗುವಿನ ಬಟ್ಟೆ ಮೇಲೆ ಹಾಕೋಕೆ ಸೋರದ ಚಡ್ಡಿ ಹೊಲಿದ್ಲಂತೆ, 1951ರಲ್ಲಿ ಪೇಟೆಂಟೂ ಸಿಕ್ತಂತೆ. ನಾನು ತಲೆ ಎತ್ತಿ ಮಾವನ ಮನೆ ಬಚ್ಚಲು ಕಡೆ ನೋಡಿದೆ. ಪರದೆ ಇಲ್ಲ, ತಗಡಿನ ಬಾಗಿಲು.

ಬೆಳಗ್ಗೆ ಡೈರಿ ತೆಗೆದೆ. ಲೂಸು, ರಾತ್ರಿಗೆ 4, ತಲಾ 6, ಒಟ್ಟು 24. ಜೊತೆಗೆ ಹಾಸಿಗೆ ಬಟ್ಟೆ 2, ಬನಿಯನ್ 1, ನಿದ್ದೆ ಸೊನ್ನೆ. ಹೆಸರಿರೋ ಕಂಪನಿಯ ಸ್ಮಾಲು, ರಾತ್ರಿಗೆ 1, ಬೆಲೆ 16. ಎರಡು ತಿಂಗಳಿಂದ ಪೀಸಿಗೆ ಎಷ್ಟು ಪೀಸಿಗೆ ಎಷ್ಟು ಅಂತ ಭಾಗಿಸ್ತಿದ್ದೆನಲ್ಲ, ರಾತ್ರಿಗೆ ಎಷ್ಟು ಅಂತ ಭಾಗಿಸಬೇಕಾಗಿತ್ತು. ಛೇದವೇ ತಪ್ಪು. ಏಳನೇ ಕ್ಲಾಸಲ್ಲಿ ಮೇಷ್ಟ್ರು ಇದಕ್ಕೇ ಕಿವಿ ಹಿಂಡ್ತಾ ಇದ್ದಿದ್ದು.

ಆದ್ರೂ ಮಿಕ್ಕ 46 ಲೂಸ್ ಡೈಪರ್ ಎಸೆಯೋಕೆ ಕೈ ಬರ್ಲಿಲ್ಲ. ಹಗಲಲ್ಲಿ ಮುಗಿಸೋಣ ಅಂತ ನಿರ್ಧಾರ ಮಾಡ್ದೆ, ದುರಂತ ಅಲ್ಲಿಂದ ಶುರು.

ನವೆಂಬರಲ್ಲಿ ನಾಮಕರಣ. ಹಿಂದಿನ ದಿನ ಮನೆ ತುಂಬ ಕೆಲಸ, ನಾನೂ ಏನಾದ್ರೂ ಮಾಡ್ಬೇಕಲ್ಲ ಅಂತ, ಒಗೆಯೋಕೆ ಬಿದ್ದಿದ್ದ ಬಟ್ಟೆ ರಾಶಿ ಪೂರ್ತಿ ಬಾಚ್ಕೊಂಡು ವಾಷಿಂಗ್ ಮಷೀನಿಗೆ ತುಂಬಿದೆ. ಮಗೂದು, ದೊಡ್ಡೋರದು, ನಾಳೆ ಉಡೋಕೆ ಅಂತ ಮಾವ ತೆಗೆದಿಟ್ಟಿದ್ದ ಜರಿ ಅಂಚಿನ ಪಂಚೆ, ಎಲ್ಲಾ. ರಾಶಿ ಮಧ್ಯೆ ಒಂದು ತುಂಬಿದ ಡೈಪರ್ ಇದ್ದಿದ್ದು ನನಗೆ ಗೊತ್ತಿಲ್ಲ. ಮುಕ್ಕಾಲು ಗಂಟೆ ಆದ್ಮೇಲೆ ಮುಚ್ಚಳ ತೆಗೆದೆ.

ಬೇಯಿಸಿದ ಸಬ್ಬಕ್ಕಿ ಗೊತ್ತಲ್ಲ, ಹಾಗೆ. ಒಂದು ಹಿಡಿ ಎರಡು ಹಿಡಿ ಅಲ್ಲ. ಪಂಚೆ ಮೇಲೆ, ಬ್ಲೌಸಿನ ತೋಳೊಳಗೆ, ಲುಂಗಿ ಮಡಿಕೆಯಲ್ಲಿ, ಡ್ರಮ್ಮಿನ ತೂತು ತೂತಲ್ಲಿ, ಎಲ್ಲೆಲ್ಲೂ ಮಿಣಿಮಿಣಿ ಅಂತ ಅಂಟು ಕಾಳು. ಹಿಡಿದ್ರೆ ಜಾರುತ್ತೆ, ಒರೆಸಿದ್ರೆ ಹರಡುತ್ತೆ, ನೀರು ಹಾಕಿದ್ರೆ ಕಣ್ಣೆದುರೇ ಇನ್ನೂ ದಪ್ಪ ಆಗುತ್ತೆ. ಅತ್ತೆ ಬಂದು ನೋಡಿ, "ನಾಳೆ ಪಾಯಸಕ್ಕೆ ತಂದಿದ್ದ ಸಬ್ಬಕ್ಕಿ ಇದರೊಳಗೆ ಯಾಕೆ ಹಾಕಿದ್ರಿ ಅಳಿಯಂದ್ರೇ?" ಅಂದ್ರು. ಮಾವ ಬಂದ್ರು, ತಮ್ಮ ಪಂಚೆ ಎತ್ತಿದ್ರು, ಪಂಚೆಯಿಂದ ಒಂದು ಮುದ್ದೆ ಜಾರಿ ಅವರ ಪಾದದ ಮೇಲೆ ಪಚಕ್ ಅಂತ ಬಿತ್ತು. ಅವರೇನೂ ಅನ್ನಲಿಲ್ಲ. ಅನ್ನದೇ ಇದ್ದಿದ್ದೇ ನನಗೆ ಭಯ ಆಗಿದ್ದು.

ಒಳಗೆ ನನ್ನ ಹೆಂಡ್ತಿ, ತಲೆಗೆ ಸ್ಕಾರ್ಫು, ಕಿವಿಗೆ ಹತ್ತಿ. ಅವಳಿಗೆ ವಿಷಯ ಮುಟ್ಟಿಸೋಕೆ ಅತ್ತೆ ಕೂಗಿದ ಜೋರಿಗೆ ಎದುರು ಮನೆಯವರೂ ಬಂದು ನಿಂತ್ರು. ಅವಳು ಬಿ.ಎಸ್ಸಿ., ಕೆಮಿಸ್ಟ್ರಿ. ಒಳಗಿಂದಲೇ ಹೇಳಿದ್ಲು, "ರೀ, ಅದು ಸೋಡಿಯಂ ಪಾಲಿಅಕ್ರಿಲೇಟು, ತನ್ನ ತೂಕದ ನೂರಾರು ಪಟ್ಟು ನೀರು ಕುಡಿಯುತ್ತೆ, ಮತ್ತೆ ನೀರು ಹಾಕ್ಬೇಡಿ. ಬಟ್ಟೆನೆಲ್ಲ ಬಕೆಟ್ಟಿಗೆ ಕೊಡವಿ ಕಲ್ಲುಪ್ಪು ಹಾಕಿ, ಕುಡಿದಿದ್ದೆಲ್ಲ ಕಕ್ಕುತ್ತೆ." ಅತ್ತೆ ಅಡುಗೆಮನೆಯಿಂದ ಎರಡು ಹಿಡಿ ತುಂಬ ಕಲ್ಲುಪ್ಪು ತಂದ್ರು. ತಂದವರು ಸೀದಾ ಬಕೆಟ್ಟಿಗೆ ಹಾಕ್ಲಿಲ್ಲ. ಹೇಗೂ ಉಪ್ಪು ಕೈಯಲ್ಲಿದೆಯಲ್ಲ ಅಂತ ಮೊದಲು ಮಗೂಗೆ ಮೂರು ಸುತ್ತು ನಿವಾಳಿಸಿದ್ರು, ಆಮೇಲೆ ಒಂದು ಕ್ಷಣ ಯೋಚನೆ ಮಾಡಿ ನನಗೂ ಮೂರು ಸುತ್ತು ನಿವಾಳಿಸಿ, ಯಾರ ಕಣ್ಣು ಬಿದ್ದಿದೆಯೋ ಈ ಮನುಷ್ಯನ ಬುದ್ಧಿ ಮೇಲೆ ಅಂತ ಗೊಣಗ್ತಾ ಬಕೆಟ್ಟಿಗೆ ಸುರಿದ್ರು. ನೋಡ್ತಾ ನೋಡ್ತಾ ಸಬ್ಬಕ್ಕಿ ಎಲ್ಲ ಕುಗ್ಗಿ ತೆಳ್ಳಗಿನ ಗಂಜಿ ಆಯ್ತು. ದೃಷ್ಟಿ ತೆಗೆದಿದ್ದಕ್ಕೇ ಹೀಗಾಯ್ತು ಅಂತ ಅತ್ತೆ ಇವತ್ತಿಗೂ ಹೇಳ್ತಾರೆ. ಕೆಮಿಸ್ಟ್ರಿ ಓದಿದವಳೇ ಸುಮ್ಮನಿರೋವಾಗ ನಾನ್ಯಾಕೆ ಬಾಯಿ ಹಾಕ್ಲಿ.

ಮಾರನೇ ದಿನ ಮುಹೂರ್ತ ಹತ್ತೂಕಾಲಿಗೆ. ಎಣ್ಣೆ ನೀರು ಹಾಕಿ, ಸಾಂಬ್ರಾಣಿ ಹೊಗೆ ಹಿಡಿದು, ರೇಷ್ಮೆ ಅಂಗಿ ತೊಡಿಸಿ ಮಗೂನ ನನ್ನ ತೊಡೆ ಮೇಲೆ ಮಲಗಿಸಿದ್ರು. ಒಳಗೆ ಲೂಸ್ ಡೈಪರ್, ಯಾಕಂದ್ರೆ ಇನ್ನೂ 9 ಮಿಕ್ಕಿತ್ತು. ಡೈಪರ್ ಟೇಪಿಗೂ ಎಣ್ಣೆಗೂ ಆಗಿ ಬರಲ್ಲ ಅಂತ ನನಗೆ ಯಾರೂ ಹೇಳಿರ್ಲಿಲ್ಲ. ಎಣ್ಣೆ ಕೈಯಲ್ಲಿ ಅಂಟಿಸಿದ ಟೇಪು, ಎಣ್ಣೆ ಹಚ್ಚಿದ ಹೊಟ್ಟೆ, ಅದು ಎಷ್ಟು ಹೊತ್ತು ನಿಂತೀತು? ಎದುರಿಗೆ ತಟ್ಟೆಯಲ್ಲಿ ಅಕ್ಕಿ ಹರಡಿದ್ರು, ಪುರೋಹಿತರು ನನ್ನ ಕೈ ಹಿಡಿದು ಉಂಗುರದಲ್ಲಿ ಮಗುವಿನ ಹೆಸರು ಬರೆಸ್ತಾ ಇದ್ದಾರೆ, ನಾಲ್ಕು ಅಕ್ಷರದ ಹೆಸರು, ಮೂರನೇ ಅಕ್ಷರಕ್ಕೆ ಬಂದಿದ್ವಿ, ತೊಡೆ ಮೇಲೆ ಚರ್ ಅಂತ ಟೇಪ್ ಬಿಟ್ಟ ಸದ್ದು ನನಗೊಬ್ಬನಿಗೇ ಕೇಳಿಸ್ತು. ಆಮೇಲೆ ಕಾರಂಜಿ. ಎತ್ತರಕ್ಕೆ ಹೋಗಿ, ನೆಂಟರೆಲ್ಲ ನೋಡ್ತಿರೋ ಹಾಗೇ ಬಾಗಿ, ಸರಿಯಾಗಿ ತಟ್ಟೆ ಮಧ್ಯಕ್ಕೆ. ಮೊದಲನೇ ಎರಡು ಅಕ್ಷರ ಅಳಿಸಿಯೇ ಹೋಯ್ತು.

ನಮ್ಮ ಸೋದರತ್ತೆ, "ಮಗೂಗೆ ಹೆಸರು ಇಷ್ಟ ಆಗ್ಲಿಲ್ಲ ಕಣೋ" ಅಂದ್ರು. ಪುರೋಹಿತರು ಶುಭ ಶುಭ ಅಂತ ಬೇರೆ ಅಕ್ಕಿ ತರಿಸಿದ್ರು. ನನ್ನ ಹಿಂದೆ ಕೂತಿದ್ದ ಮಾವ ಬಗ್ಗಿ, ಕಿವಿಯಲ್ಲಿ, "ಇದಕ್ಕೆ ಪೀಸಿಗೆ ಎಷ್ಟು ಬಿತ್ತು ಅಳಿಯಂದ್ರೇ?" ಅಂತ ಕೇಳಿದ್ರು. ಹಿಂದಿನ ದಿನ ಪಂಚೆಗೆ ಏನೂ ಅನ್ನದೇ ಇದ್ದಿದ್ದು ಇದಕ್ಕೆ ಕೂಡಿಟ್ಟಿದ್ದು ಅಂತ ಆಗ ಅರ್ಥ ಆಯ್ತು.

ಬಳಸಿದ್ದನ್ನ ಎಸೆಯೋದು ಇನ್ನೊಂದು ಕಥೆ. ಪೇಪರಲ್ಲಿ ಸುತ್ತಿ ಬೇರೆಯಾಗಿ ಕೊಡ್ಬೇಕು, ಘನತ್ಯಾಜ್ಯ ನಿಯಮದಲ್ಲೇ ಇದೆ, ಬೆಂಗಳೂರಲ್ಲಾದ್ರೆ ಮೇಲೆ ಕೆಂಪು ಗುರುತು ಹಾಕಿ ಕೊಡ್ತಾರೆ. ಮಾವ ಶುರುವಲ್ಲಿ ತೆಂಗಿನ ಬುಡಕ್ಕೆ ಹೂಳೋಣ, ಗೊಬ್ಬರ ಆಗುತ್ತೆ ಅಂದಿದ್ರು. ರಾತ್ರಿ ನಾಯಿ ಬಗೆದು, ಬಾಯಲ್ಲಿ ಕಚ್ಕೊಂಡು, ಬೀದಿ ಉದ್ದಕ್ಕೂ ಮೆರವಣಿಗೆ ಮಾಡಿ ಎದುರು ಮನೆ ರಂಗೋಲಿ ಮೇಲೆ ಇಟ್ಟು ಬಂದ ಮೇಲೆ ಅವರೇ ಹಳೇ ಪೇಪರ್ ಕತ್ತರಿಸಿ ಇಡೋಕೆ ಶುರು ಮಾಡಿದ್ರು. ಅಂದ್ರೆ ಅವರು ಅಕ್ಷರ ಬಿಡದೆ ಓದಿದ ಪೇಪರ್‌ಗಳಿಗೂ ಒಂದು ಗತಿ ಆಯ್ತು.

ಈಗ ಮಗ ಮೀಡಿಯಮ್ಮಿಗೆ ಬಂದಿದಾನೆ. ಹೆಂಡ್ತಿ ಮಗ ತುಮಕೂರಿಗೆ ಬಂದಾಯ್ತು, ಆ 80 ನ್ಯೂಬಾರ್ನ್ ಡೈಪರ್ ಮಾತ್ರ ಮಾವನ ಮನೆ ಅಟ್ಟದಲ್ಲೇ ಉಳೀತು. ಗೊತ್ತಿರೋರ ಮನೇಲಿ ಯಾರಿಗಾದ್ರೂ ಹೆರಿಗೆ ಇದೆಯಾ ಅಂತ ವಿಚಾರಿಸಿದೆ, ಮೂರು ಕಡೆ ಹತ್ತು ಹತ್ತು ಕೊಟ್ಟೆ. ನಿನ್ನೆ ರಾತ್ರಿ ಮಾವನ ಫೋನು. ಅಡುಗೆಮನೆ ಸಿಂಕಿನ ಕೆಳಗೆ ಪೈಪು ಒಂದು ವಾರದಿಂದ ತೊಟ್ಟಿಕ್ತಾ ಇತ್ತಂತೆ, ಬಕೆಟ್ ಇಟ್ಟು ಸಾಕಾಗಿ ಅವರು ಅಟ್ಟದಿಂದ ಒಂದು ನ್ಯೂಬಾರ್ನ್ ತೆಗೆದು ಪೈಪಿನ ಸೊಂಟಕ್ಕೆ ಸುತ್ತಿ, ಟೇಪ್ ಅಂಟಿಸಿ, ನೆರಿಗೆ ಹೊರಗೆ ಎಳೆದು ಕಟ್ಟಿದಾರೆ. ಅಳತೆ ಮಾಡಿಸಿದ ಹಾಗೆ ಕೂತಿದೆಯಂತೆ. ಡೈಪರ್ ಮೇಲೆ ಒಂದು ಹಳದಿ ಗೆರೆ ಇರುತ್ತಲ್ಲ, ಒದ್ದೆ ಆದ್ರೆ ನೀಲಿಗೆ ತಿರುಗೋದು, ಅದನ್ನ ದಿನಕ್ಕೆ ಎರಡು ಸಲ ಟಾರ್ಚ್ ಬಿಟ್ಟು ನೋಡ್ತಾರಂತೆ.

"ಪೂರ್ತಿ ನೀಲಿ ಆಯ್ತು ಅಳಿಯಂದ್ರೇ. ಪ್ಲಂಬರ್ 400 ಕೇಳ್ತಾವ್ನೆ. ಕರೀಲಾ?"

"ಒಂದು ಎಷ್ಟು ದಿನ ಬಂತು ಮಾವ?"

"ಮೂರು ದಿನ."

"ಇನ್ನೂ 49 ಇವೆಯಲ್ಲ," ಅಂದೆ, "ಬದಲಾಯಿಸಿ."